ಸಾವಿಲ್ಲದ ಬಣ್ಣ

“ಸರ್, ನೀವು ಆ ರೂಮಿಗೆ ಬನ್ನಿ. ಡಾಕ್ಟ್ರು ಅಲ್ಲಿಗೇ ಬಂದು ಮಾತಾಡ್ತಾರಂತೆ” ಎಂದಳು ನರ್ಸ್. ವಿನ್ಯಾಸಕಾರರು ಹುರುಪಿನಿಂದಲೇ ಎದ್ದರು. ಹೆಂಡತಿಯನ್ನು ಹೃದಯದ ಆಪರೇಷನ್‌ಗೆಂದು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಆಸ್ಪತ್ರೆಯ ಹಜಾರದ ಕಬ್ಬಿಣದ ಕುರ್ಚಿಯಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡಿತ್ತು. ಮೇಲಾಗಿ, ಹಜಾರದ ಕೊನೆಯಲ್ಲಿದ್ದ ಆ ಕೋಣೆ ಅವರದೇ ಸೃಷ್ಟಿ. ಸ್ವಂತ ಮನೆಗೆ ಕರೆದಷ್ಟೇ ಸಂತೋಷವಾಯಿತು.

ಆದರೆ ಪಕ್ಕದ ಕುರ್ಚಿಯ ಅಜ್ಜಿ ಅವರ ಕೈ ಹಿಡಿದುಕೊಂಡುಬಿಟ್ಟಳು. ಎದುರಿಗೆ ಕೂತು ಫೋನಿನಲ್ಲಿ ನಗುತ್ತಿದ್ದವನು ಮಾತು ನಿಲ್ಲಿಸಿದ.

“ಧೈರ್ಯ ತಂದ್ಕೊಳ್ಳಪ್ಪ. ಒಳಗಿರೋದು ಹೆಂಡ್ತೀನಾ?”

“ಹೌದು. ಯಾಕಜ್ಜಿ?”

“ಆ ಕ್ಯಾರೆಟ್ ರೂಮಿಗೆ ಕರೆದ್ರು ಅಂದ್ರೆ ಕಥೆ ಮುಗೀತು ಅಂತ. ಒಳ್ಳೆ ಸುದ್ದಿ ಆಗಿದ್ರೆ ಇಲ್ಲೇ ನಿಂತ್ಕೊಂಡು ಹೇಳಿ ಹೋಗ್ತಾರೆ.”

ಕ್ಯಾರೆಟ್ ರೂಮು! ವಿನ್ಯಾಸಕಾರರಿಗೆ ಮೊದಲು ನೋವಾದದ್ದು ಹೆಂಡತಿಗಾಗಿ ಅಲ್ಲ, ಹೇಳಲು ನಾಚಿಕೆಯಾಗಬೇಕು, ಆ ಹೆಸರಿಗಾಗಿ. ಕೆಟ್ಟ ಸುದ್ದಿ ಹೇಳಲಿಕ್ಕೆಂದೇ ಒಂದು ಕೋಣೆ ಬೇಕು ಎಂದು ಆಸ್ಪತ್ರೆಯವರು ಕೇಳಿದಾಗ ಅವರು ಲೋಕವನ್ನೆಲ್ಲ ಜಾಲಾಡಿದ್ದರು. ಒಂದು ಕಡೆ ಬಿಳಿ ಸೂತಕದ ಬಣ್ಣ, ಇನ್ನೊಂದು ಕಡೆ ಕಪ್ಪು, ಮತ್ತೊಂದು ಕಡೆ ನೇರಳೆ. ಕೊನೆಗೆ ಯಾವ ಜನರೂ ಯಾವ ಕಾಲಕ್ಕೂ ಸಾವಿಗೆ ಬಳಸದ ಒಂದು ತೆಳು ಕಿತ್ತಳೆಯನ್ನು ಹುಡುಕಿ ತೆಗೆದು, ಅದಕ್ಕೆ ‘ಮೊದಲ ಬೆಳಕು’ ಎಂದು ನಾಮಕರಣ ಮಾಡಿದ್ದರು. ಪ್ರಶಸ್ತಿಯ ತೀರ್ಪುಗಾರರು ಬಂದು ಆ ಕೋಣೆಯಲ್ಲಿ ಕೂತು ಚಹಾ ಕುಡಿದು, ಗೋಡೆ ಸವರಿ, ಕಣ್ಣೊರೆಸಿಕೊಂಡು ಹೋದರು. ಅವರ್‍ಯಾರ ಮನೆಯವರೂ ಆಗ ಒಳಗೆ ಮಲಗಿರಲಿಲ್ಲ. ಪ್ರಶಸ್ತಿ ಬಂತು. “ಸಾವಿನ ನೆರಳೇ ಸೋಕದ ಬಣ್ಣ” ಎಂದು ವಿನ್ಯಾಸಕಾರರು ವೇದಿಕೆಯ ಮೇಲೆ ಹೇಳಿದಾಗ ಬಿದ್ದ ಚಪ್ಪಾಳೆ ಇನ್ನೂ ಅವರ ಕಿವಿಯಲ್ಲಿತ್ತು. ಪಾಪ, ಆಮೇಲೆ ಈ ಕಡೆ ತಲೆ ಹಾಕಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಕೋಣೆ ಯಾವುದಕ್ಕೆಂಬುದೂ ಆ ಚಪ್ಪಾಳೆಯಲ್ಲಿ ಮರೆತೇಹೋಗಿತ್ತು.

“ಅಜ್ಜಿ, ಅದು ಕ್ಯಾರೆಟ್ ಅಲ್ಲ. ಮನಸ್ಸಿಗೆ ನೆಮ್ಮದಿ ಕೊಡೋ ಬಣ್ಣ ಅದು. ಪ್ರಶಸ್ತಿ ಬಂದಿದೆ ಅದಕ್ಕೆ.”

“ಬಂದಿರ್ಬಹುದಪ್ಪ, ನಾನ್ಯಾಕೆ ಬೇಡ ಅನ್ಲಿ. ನಮ್ಮ ಯಜಮಾನ್ರು ಹೋದ್ರು ಅಂತ ನಂಗೆ ಹೇಳಿದ್ದು ಅದೇ ರೂಮಲ್ಲಿ. ಇವತ್ತು ನನ್ನ ತಮ್ಮನ್ನ ಕರ್ಕೊಂಡು ಬಂದಿದೀನಿ. ಅವತ್ತಿಂದ ನನ್ನ ಸೊಸೆ ಅಂಗಡೀಲಿ ಆ ಬಣ್ಣದ ಬಟ್ಟೆ ಕಂಡ್ರೆ ಮುಖ ತಿರುಗಿಸ್ತಾಳೆ. ಹುಟ್ಟಿದ ಮಗೂಗೆ ಯಾರೋ ಆ ಬಣ್ಣದ ಸ್ವೆಟರ್ ತಂದ್ಕೊಟ್ರು, ಮನೆ ಒಳಗೇ ಇಟ್ಕೊಳ್ಳಲಿಲ್ಲ. ಈ ಊರಲ್ಲಿ ಯಾರೂ ಹಾಕಲ್ಲಪ್ಪ ಅದನ್ನ.”

ಎಷ್ಟೋ ತಲೆಮಾರು ಕೂಡಿ ಒಂದು ಬಣ್ಣಕ್ಕೆ ಅಂಟಿಸುವ ಅರ್ಥವನ್ನು ವಿನ್ಯಾಸಕಾರರು ಒಂದೇ ಕೋಣೆಯಿಂದ ಅಂಟಿಸಿಬಿಟ್ಟಿದ್ದರು. ನ್ಯಾಯವಾಗಿ ಇದಕ್ಕೂ ಒಂದು ಪ್ರಶಸ್ತಿ ಬರಬೇಕು. ಆದರೆ ಅಷ್ಟರಲ್ಲಿ ಅವರಿಗೆ ಒಳಗಿದ್ದ ಹೆಂಡತಿ ನೆನಪಾದಳು. ಧೊಪ್ಪನೆ ಕುರ್ಚಿಗೆ ಬಿದ್ದರು. ಹಜಾರದ ಕೊನೆಯಲ್ಲಿ ಆ ಬಾಗಿಲು ಸಣ್ಣಗೆ ತೆರೆದಿತ್ತು. ಒಳಗಿನ ಬೆಳಕು ನೆಲದ ಮೇಲೆ ತೆಳ್ಳಗೆ ಚೆಲ್ಲಿತ್ತು.

“ಬನ್ನಿ ಸರ್” ಎಂದಳು ನರ್ಸ್ ಮತ್ತೆ.

“ಬೇಡಮ್ಮ. ಏನಿದ್ರೂ ಇಲ್ಲೇ ಹೇಳಿಬಿಡಿ.”

“ನಿಮ್ಮನ್ನ ಅಲ್ಲೇ ಕೂರಿಸ್ಬೇಕು ಅಂತ ಮ್ಯಾನೇಜರ್ ಹೇಳಿದಾರೆ ಸರ್.”

“ನಾನು ಬರಲ್ಲ! ಆ ರೂಮಿಗೆ ಕಾಲಿಡಲ್ಲ!” ತಾನು ಹೋಗದಿದ್ದರೆ ಆ ಸುದ್ದಿಯೂ ಹುಟ್ಟುವುದಿಲ್ಲ ಎನ್ನುವಂತೆ ಕುರ್ಚಿಯ ತೋಳನ್ನು ಭದ್ರವಾಗಿ ಹಿಡಿದುಕೊಂಡು, ಅಷ್ಟು ದೊಡ್ಡ ಮನುಷ್ಯರು ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಇವಳಿಲ್ಲದೆ ಹೇಗೆ ಬದುಕುವುದು ಎಂಬುದೊಂದೇ ಈಗ ಅವರ ತಲೆಯಲ್ಲಿತ್ತು.

ಗದ್ದಲ ಕೇಳಿ ಆ ಕೋಣೆಯಿಂದಲೇ ಡಾಕ್ಟರ್ ಓಡಿ ಬಂದರು. “ಅಯ್ಯೋ, ಯಾಕೆ ಸರ್? ನಿಮ್ಮ ಮನೆಯವರು ಚೆನ್ನಾಗಿದಾರೆ! ಆಪರೇಷನ್ ಸಲೀಸಾಗಿ ಆಯ್ತು. ಸಂಜೆ ಹೊತ್ತಿಗೆ ಮಾತಾಡಿಸ್ಬಹುದು.”

ಹಿಂದೆಯೇ ಮ್ಯಾನೇಜರರು ಕ್ಯಾಮೆರಾ ಹಿಡಿದು ಬಂದರು. “ತಾವು ಮಾಡಿದ ರೂಮು ಅಲ್ವಾ ಸರ್. ಎಲ್ಲರ ಹಾಗೆ ತಮಗೂ ಹಜಾರದಲ್ಲೇ ಹೇಳಿದ್ರೆ ಮರ್ಯಾದೆ ಅಲ್ಲ ಅಂತ ನಾನೇ ಅಲ್ಲಿಗೆ ಕರೆಸಿದೆ. ಹಾಗೇ ಒಂದು ಫೋಟೋನೂ...”

ಕ್ಯಾಮೆರಾ ಕಂಡರೆ ತಾನಾಗಿಯೇ ಗದ್ದ ಎತ್ತುತ್ತಿದ್ದ ವಿನ್ಯಾಸಕಾರರು ಈ ಸಲ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡರು.

“ಆ ರೂಮಿನ ಬಣ್ಣ ಬದಲಾಯಿಸಿ. ಇವತ್ತೇ.”

“ಆಗ್ಲಿ ಸರ್, ತಾವು ಹೇಳೋದು ಹೆಚ್ಚಾ?” ಮ್ಯಾನೇಜರರ ಮುಖ ಅರಳಿತು. ಇನ್ನೊಂದು ಪ್ರಶಸ್ತಿಯ ವಾಸನೆ ಬಡಿದಿರಬೇಕು. “ಯಾವ ಬಣ್ಣ ಹೊಡೆಸ್ಲಿ?”

ಬಣ್ಣದ ಬಗ್ಗೆ ದಿನವಿಡೀ ಮಾತಾಡಬಲ್ಲ ವಿನ್ಯಾಸಕಾರರು ಬಾಯಿ ತೆರೆದರು. ಸುತ್ತ ನೋಡಿದರು. ಮೂಲೆಯಲ್ಲಿ ಒಂದು ಮಗು ಹಳದಿ ಚಪ್ಪಲಿಯ ಕಾಲು ಆಡಿಸುತ್ತಿತ್ತು. ಅಜ್ಜಿಯ ಹೆಗಲ ಮೇಲೆ ಹಸಿರು ಶಾಲು. ಅವರ ತೊಡೆಯ ಮೇಲೆ, ಒಳಗೆ ಹೋಗುವ ಮುಂಚೆ ಹೆಂಡತಿ “ಹುಷಾರಾಗಿ ಇಟ್ಕೊಂಡಿರಿ” ಎಂದು ಕೊಟ್ಟುಹೋದ ನೀಲಿ ಕೈಚೀಲ.

“ಹೇಳಿ ಸರ್, ಯಾವುದು?” ಎಂದು ಮ್ಯಾನೇಜರರು ಬಗ್ಗಿದರು.

ವಿನ್ಯಾಸಕಾರರು ನೀಲಿ ಚೀಲವನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.