ಮೊದಲ ವಾಕ್ಯದ ಸುದ್ದಿ

“ಸತ್ತರು ಅಂತ ಹೇಳಬಾರದು, ಆಯ್ತಾ? ಸೀಕು ಸ್ವಲ್ಪ ಜೋರುಂಟು ಅಂತ ಹೇಳುದು,” ಜಾಲ್ಸೂರಿನಲ್ಲಿ ಬಸ್ಸಿಳಿಯುವಾಗ ಪೋಕರ್ ಬ್ಯಾರಿ ಮೂರನೇ ಸಲ ಹೇಳಿದರು.

ತೀರ್ಥರಾಮ ಬಿರಬಿರನೆ ಮುಂದೆ ನಡೆದ. ಬೆಳಗ್ಗೆ ಐದು ಗಂಟೆಗೆ ಸುಳ್ಯದಲ್ಲಿ ಅವನ ದೊಡ್ಡಪ್ಪ ಚನಿಯಪ್ಪ ತೀರಿಕೊಂಡಿದ್ದರು. ಅವರ ಮಗಳು ಕಮಲಾವತಿಗೆ ಸುದ್ದಿ ಮುಟ್ಟಿಸಬೇಕಿತ್ತು. ಸಾವಿನ ಸುದ್ದಿ ಒಯ್ಯಲು ಒಬ್ಬನೇ ಹೋಗಬಾರದೆಂದು ನೆರೆಮನೆಯ ಪೋಕರ್ ಜೊತೆಗೆ ಹೊರಟಿದ್ದರು. ಸೂರ್ಯ ಮುಳುಗುವ ಮೊದಲು ಹೆಣ ತೆಗೆಯಬೇಕು. ಅದಕ್ಕಿಂತ ಮೊದಲು ಮಗಳು ಬಾಯಿಗೆ ನೀರು ಬಿಡಬೇಕು. ಹನ್ನೆರಡೂವರೆಯ ಬಸ್ಸು ತಪ್ಪಿದರೆ ಮತ್ತಿನದು ಕತ್ತಲಾದ ಮೇಲೆಯೇ.

ಕಳಿಸಲು ಸಿಕ್ಕಿದವನು ಇವನು! ಮೈಸೂರಿನಲ್ಲಿ ಬಿ.ಎ., ಅದರಲ್ಲಿ ಪತ್ರಿಕೋದ್ಯಮ ಮೈನರ್ ವಿಷಯ. “ಪೇಪರ್ ಓದ್ಲಿಕ್ಕೂ ಕಾಲೇಜು ಬೇಕಾ?” ಎಂದು ಊರೆಲ್ಲ ನಕ್ಕಾಗ ನಗದಿದ್ದವರು ದೊಡ್ಡಪ್ಪ ಒಬ್ಬರೇ. ಅಲ್ಲಿನ ಮೇಷ್ಟ್ರು ಅವನ ಮೊದಲ ವರದಿಗೆ ಕೆಂಪು ಗೀಟೆಳೆದು, “ಸತ್ತವನು ಏಳನೇ ಸಾಲಿನಲ್ಲಿ ಸತ್ತರೆ ಓದುಗ ಆರನೇ ಸಾಲಿನಲ್ಲೇ ಎದ್ದು ಹೋಗಿರ್ತಾನೆ ಕಣಯ್ಯ. ಮುಖ್ಯ ಸಂಗತಿ ಮೊದಲ ವಾಕ್ಯದಲ್ಲಿರಬೇಕು” ಎಂದಿದ್ದರು. ಆ ಮಾತು ಅವನಿಗೆ ವೇದವಾಗಿತ್ತು.

ಕಮಲಾವತಿ ಅಂಗಳದಲ್ಲಿ ಬೇಯಿಸಿದ ಭತ್ತ ಒಣಗಲು ಹರಡಿ ಕಾಲಿನಿಂದ ಎಳೆಯುತ್ತಿದ್ದಳು.

“ಓ, ತೀರ್ಥ! ಮೈಸೂರಿನಿಂದ ಯಾವಾಗ ಬಂದದ್ದು? ಬ್ಯಾರಿಗಳೂ ಬಂದಿದ್ದೀರಲ್ಲ! ಕೂತ್ಕೊಳ್ಳಿ, ಬೆಲ್ಲ ನೀರು ತರ್ತೇನೆ.”

“ದೊಡ್ಡಪ್ಪ ತೀರಿಕೊಂಡರು, ಕಮಲಕ್ಕ. ಇವತ್ತು ಬೆಳಗ್ಗೆ ಐದು ಗಂಟೆಗೆ, ಮನೆಯಲ್ಲೇ, ಎದೆನೋವಿನಿಂದ.”

ಯಾರು, ಯಾವಾಗ, ಎಲ್ಲಿ, ಹೇಗೆ, ಒಂದನ್ನೂ ಬಿಟ್ಟಿರಲಿಲ್ಲ. ಪೋಕರ್ ಕಣ್ಣು ಮುಚ್ಚಿಕೊಂಡರು.

ಕಮಲಾವತಿ ನಕ್ಕುಬಿಟ್ಟಳು. “ಥೂ, ಬಿಡ್ತು ಅನ್ನು. ಎಂತ ತಮಾಷೆ ಮಾರಾಯ ಇದು?”

“ತಮಾಷೆ ಅಲ್ಲ ಅಕ್ಕ. ನಿಜ.”

“ನಿಜ ಆದ್ರೆ ಹೀಗೆ ಹೇಳುದುಂಟಾ? ಬಸ್ಸಿನ ಟೈಮ್ ಹೇಳಿದ ಹಾಗೆ! ಮೊನ್ನೆ ಸಂತೆಯಲ್ಲಿ ಅಪ್ಪನನ್ನು ನಾನೇ ನೋಡಿದ್ದೇನೆ, ಗುಂಡುಕಲ್ಲಿನ ಹಾಗೆ ಇದ್ರು. ಪೇಪರ್ ಕಲೀಲಿಕ್ಕೆ ಹೋಗಿ ಸುಳ್ಳು ಕಲಿತು ಬಂದ್ಯಾ?”

ಅವನು ಬಿಡಲಿಲ್ಲ. ಡಾಕ್ಟರು ಬಂದದ್ದು, ನಾಡಿ ಹಿಡಿದದ್ದು, ಕೈ ಬಿಟ್ಟದ್ದು, ಎಲ್ಲ ಹೇಳಿದ. ವಿವರ ಹೆಚ್ಚಾದಷ್ಟೂ ಅವಳ ಸಿಟ್ಟು ಹೆಚ್ಚಿತು. ಅವಳು ಬೆನ್ನು ತಿರುಗಿಸಿ ಭತ್ತ ಎಳೆಯತೊಡಗಿದಳು. ದೂರದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಪೋಕರ್ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

“ಹುಡುಗನ ಮಾತು ಬಿಡಿ, ಕಮಲಕ್ಕ. ಅಪ್ಪನಿಗೆ ಸ್ವಲ್ಪ ಜೋರುಂಟು. ನೀವು ಒಮ್ಮೆ ಬಂದು ಹೋಗ್ಬೇಕಂತೆ.”

ಅವಳ ಕಾಲು ಭತ್ತದ ಮೇಲೆಯೇ ನಿಂತಿತು. “ಅಯ್ಯೋ, ನನ್ನಪ್ಪಾ!” ಎಂದು ಅಲ್ಲೇ ಕುಸಿದು ಕೂತಳು. ಬೆಳಗ್ಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ತೀರ್ಥರಾಮನಿಗೂ ಆಗ ಅಳು ಬಂತು.

ಮೂವರೂ ಓಡಿ ಬಸ್ಸು ಹಿಡಿದರು. ಕಮಲಾವತಿ ಕಿಟಕಿಗೆ ತಲೆ ಆನಿಸಿ ಬಿಕ್ಕುತ್ತಿದ್ದಳು; ಸೀರೆಯ ಅಂಚಿಗೆ ಭತ್ತ ಅಂಟಿತ್ತು. ಊರವರನ್ನೆಲ್ಲ ಬಲ್ಲ ಕಂಡಕ್ಟರ್ ಕಿಟ್ಟಣ್ಣ ಬಗ್ಗಿ ಮೆಲ್ಲಗೆ ಕೇಳಿದ, “ಎಂತ ಆಯ್ತು?”

ತೀರ್ಥರಾಮ ಬಾಯಿ ತೆರೆದ. ಪೋಕರ್ ಅವನ ಮುಖ ನೋಡಿದರು.

“ದೊಡ್ಡಪ್ಪನಿಗೆ... ಸ್ವಲ್ಪ ಜೋರುಂಟು,” ಎಂದ.

“ಛೆ, ಛೆ! ಒಳ್ಳೆ ಮನುಷ್ಯ,” ಎಂದು ಕಿಟ್ಟಣ್ಣ ಡ್ರೈವರನಿಗೆ ಬೇಗ ಬಿಡಲು ಕೈಸನ್ನೆ ಮಾಡಿದ. “ಹೆಣ ಎಷ್ಟು ಗಂಟೆಗೆ ತೆಗೆಯುದು?”