ಏಳು ಮತ್ತು ಎಂಟು

"ಏಳು, ಎಂಟು ಎಲ್ಲಿ?"

ಭೂವಿಜ್ಞಾನದ ಪ್ರೊಫೆಸರ್ ಸ್ಟೆರ್ಗಿಯೋಸ್ ಕೂಗಿದ ರಭಸಕ್ಕೆ ಎವಾಂಥಿಯಾಳ ಕೈಯ ಕುಂಚ ಗಕ್ಕನೆ ನಿಂತಿತು. ಮೇಜಿನ ಮೇಲಿನ ಮರದ ತಟ್ಟೆಯಲ್ಲಿ ಆರನೆಯ ಗುಳಿಯಾದ ಮೇಲೆ ಎರಡು ಖಾಲಿ.

"ಆ ಕೆಂಪು ಮಣ್ಣಿನ ಹೆಂಟೆಗಳಾ ಸರ್? ಅರೆದುಬಿಟ್ಟೆ."

"ಅರೆದ್ಯಾ? ನಂಬರ್ ಹಾಕಿದ್ದು ಕಾಣ್ಲಿಲ್ವಾ?"

"ಬಣ್ಣದ ನಂಬರು ಅಂದ್ಕೊಂಡೆ ಸರ್. ನಮ್ಮ ಟ್ಯೂಬಿನ ಮೇಲೂ ಇರುತ್ತಲ್ಲ."

ತಪ್ಪು ಅವಳದೇ, ಸಂಶಯವಿಲ್ಲ. ಆದರೆ ಸಂತರ ಚಿತ್ರ ಬರೆಯುವವರ ಕಣ್ಣಿಗೆ ಮೇಜಿನ ಮೇಲೆ ಬಿದ್ದ ಕೆಂಪು ಮಣ್ಣು ಅಂದರೆ ಅರೆಯಲಿಕ್ಕೆ ಇಟ್ಟದ್ದೇ. ಕೊನೆಯ ವರ್ಷದ ಕಲಾ ವಿದ್ಯಾರ್ಥಿಗಳು ಬೇರೆ ವಿಭಾಗವೊಂದರಲ್ಲಿ ಕೆಲಸ ಮಾಡಿ, ಅಲ್ಲಿಯ ಪ್ರೊಫೆಸರರ ಸಹಿ ತರಬೇಕೆಂದು ನಿಯಮ ಮಾಡಿದ ಪುಣ್ಯಾತ್ಮರಿಗೆ ಇದು ಹೊಳೆದಿರಲಿಲ್ಲ. ಫಾರಂ ಕೊಡಲು ಇವತ್ತೇ ಕಡೆಯ ದಿನ. ಸಹಿ ಬೀಳದಿದ್ದರೆ ಅವಳ ಒಂದು ವರ್ಷ ನೀರಿಗೆ ಬಿದ್ದಂತೆ.

"ಥಾಸೋಸ್ ದ್ವೀಪದ ಹಳೇ ಗಣೀಲಿ ಮೂರು ಬೇಸಿಗೆ ಹೊಟ್ಟೆ ಮೇಲೆ ತೆವಳಿ ತಂದಿದ್ದು ಕಣಮ್ಮಾ! ನೀನು ಸಂತರ ಮುಖಕ್ಕೆ ಬಳೀಲಿ ಅಂತ ಅಲ್ಲ. ಸಹಿ ಗಿಹಿ ಎಲ್ಲಾ ಮರೆತುಬಿಡು. ನಡಿ ಇಲ್ಲಿಂದ."

ಎವಾಂಥಿಯಾ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ಬಾಗಿಲತನಕ ಹೋದವಳು ಅದೇನನ್ನಿಸಿತೋ, ಹಿಂದಿರುಗಿ ಬಂದು ತಾನು ಬಣ್ಣ ಬಳಿಯುತ್ತಿದ್ದ ಹಲಗೆಯನ್ನು ಅವರ ಮುಂದಿಟ್ಟಳು.

"ನಿಮ್ಮ ಮಣ್ಣು ಏನಾಯ್ತು ಅಂತಾದ್ರೂ ನೋಡಿ ಸರ್. ಎಡಗಡೆ ಏಳು, ಬಲಗಡೆ ಎಂಟು."

ಬಿಳಿ ಹಲಗೆಯ ಮೇಲೆ ಎರಡು ಪಟ್ಟಿಗಳಿದ್ದವು. ಒಂದು ಇಟ್ಟಿಗೆಯ ಕೆಂಪು, ಇನ್ನೊಂದು ತಳ ಸೇರಿದ ದ್ರಾಕ್ಷಾರಸದ ನೇರಳೆ. ಸ್ಟೆರ್ಗಿಯೋಸ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದಕ್ಕೇನು ಬೆರೆಸಿದೆ?"

"ಮೊಟ್ಟೆ ಹಳದಿ, ಅಷ್ಟೇ. ಎರಡಕ್ಕೂ ಒಂದೇ ಮೊಟ್ಟೆ."

"ಒಂದನ್ನ ಜಾಸ್ತಿ ಹೊತ್ತು ಅರೆದಿರ್ತೀಯ."

"ಇಲ್ಲ ಸರ್. ಎರಡನ್ನೂ ಕಲ್ಲಿನಡಿ ಸದ್ದು ನಿಲ್ಲೋವರೆಗೂ ಅರೆದೆ. ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದೇ ಹಾಗೆ."

ಸ್ಟೆರ್ಗಿಯೋಸ್ ಎರಡು ಪಟ್ಟಿಗಳ ಮೇಲೂ ಬಗ್ಗಿ ನೋಡಿದರು. ಹೆಂಟೆಗಳಾಗಿದ್ದಾಗ ಅವೆರಡೂ ಅವಳಿ ಮಕ್ಕಳು. ಅದನ್ನೇ ನಂಬಿ ಏಳರ ಚೂರೊಂದನ್ನು ಮಾತ್ರ ಪರೀಕ್ಷೆಯ ಯಂತ್ರಕ್ಕೆ ಕೊಟ್ಟು, 'ಏಳರಿಂದ ಹದಿನಾಲ್ಕರವರೆಗೆ ಒಂದೇ ಪದರ' ಎಂದು ಪ್ರಬಂಧದಲ್ಲಿ ಬರೆದು ಮುಗಿಸಿದ್ದರು. ಪುಡಿಯ ಬಣ್ಣ ಬೇರೆ ಅಂದರೆ ಪದರವೂ ಬೇರೆ. ಈಗ ಆ ಹಾಳೆಯನ್ನು ಹುಡುಕಿ ತೆಗೆದು, ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಎಳೆಯುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗಣಿಯೊಳಗೆ ಮೊದಲ ಸಲ ನುಗ್ಗಿದ ಹುಡುಗನ ಆಸೆ ಇತ್ತು.

"ಆ ಫಾರಂ ಕೊಡು ಇಲ್ಲಿ."

ಅದೇ ಪೆನ್ನಿನಲ್ಲಿ ಸಹಿ ಹಾಕಿದರು. ಎವಾಂಥಿಯಾ ಫಾರಂ ಎತ್ತಿಕೊಳ್ಳಲು ಕೈ ಚಾಚಿದರೆ, ಅವರು ಅದರ ಜೊತೆಗೆ ಒಂಬತ್ತರಿಂದ ಹದಿನಾಲ್ಕರವರೆಗಿನ ಹೆಂಟೆಗಳನ್ನೂ ಅವಳತ್ತ ತಳ್ಳಿದರು.

"ಅರ್ಧರ್ಧ ಮಾತ್ರ ಅರೀಬೇಕು, ಗೊತ್ತಾಯ್ತಾ? ಮೊಟ್ಟೆ ಇನ್ನೆಷ್ಟಿವೆ?"