ಬೂದು ಚೌಕಗಳು

ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತುಂಬಿಯಾಯಿತೆಂದು ಪರದೆ ತೋರಿಸಿದಾಗ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ತಂಗಿಯ ಮಗಳ ಭುಜದ ಮೇಲಿಂದ ಬಾಗಿದರು. ಕೆಟ್ಟುಹೋಗಿದ್ದ ಅವರ ಕಸೂತಿಯ ವೆಬ್‌ಸೈಟ್ ಮತ್ತೆ ತೆರೆದುಕೊಂಡಿತು. "ಕತ್ತು ತಿರುಗಿಸಿದ ನವಿಲು", "ಮೂಲೆಗೆ ಹೊಂದುವ ಬಳ್ಳಿ" ಎಂದು ಅವರೇ ಬರೆದ ಹೆಸರುಗಳೆಲ್ಲ ಇದ್ದವು. ಆದರೆ ಪ್ರತಿ ಹೆಸರಿನ ಮೇಲೂ ಚಿತ್ರವಿರಬೇಕಾದಲ್ಲಿ ಬೂದು ಬಣ್ಣದ ಖಾಲಿ ಚೌಕವಿತ್ತು.

"ನವಿಲು ಎಲ್ಲೇ ಹೋಯ್ತು? ನನ್ನ ನೋಡಿ ನಾಚ್ಕೊಂಡು ಬಿಡ್ತಾ?" ದೊಡ್ಡಮ್ಮ ನಕ್ಕರು. ಅವಳಿಗೆ ನಗು ಬರಲಿಲ್ಲ. ಬ್ಯಾಕಪ್ ಕಡತವನ್ನು ಬಿಚ್ಚಿ ನೋಡಿದಳು; ಅದರಲ್ಲಿ ಬರಹ ಮಾತ್ರವಿತ್ತು. ಚಿತ್ರಗಳ ಫೋಲ್ಡರ್ ಸೇರಿಸಿದರೆ ಬಹಳ ಹೊತ್ತು ಹಿಡಿಯುತ್ತದೆಂದು ಅದನ್ನು ಬಿಟ್ಟವಳು ಅವಳೇ. ಆಮೇಲೆ ಸೇರಿಸಿದರಾಯಿತು ಅಂದುಕೊಂಡು ಮರೆತಿದ್ದಳು. ಒಮ್ಮೆಯೂ ತೆರೆದು ನೋಡದೆ, ಬ್ಯಾಕಪ್ ಆಯಿತೆಂದು ವಾರವಾರ ಬರುವ ಹಸಿರು ಗುರುತನ್ನು ನಂಬಿದ್ದಳು. "ಎಲ್ಲಾ ಭದ್ರವಾಗಿದೆ ದೊಡ್ಡಮ್ಮ, ಈ ಕಾಗದದ ಕಂತೆ ಇನ್ಯಾಕೆ?" ಎಂದು ಕೇಳಿ, ಅವರು ಕೈಯಾರೆ ಬಿಡಿಸಿದ್ದ ನಕ್ಷೆಗಳನ್ನು ರದ್ದಿಗೆ ಹಾಕಿಸಿದವಳೂ ಅವಳೇ.

ಹೇಳಬೇಕು, ಈಗಲೇ ಹೇಳಬೇಕು. ಅವಳ ಮುಖ ನೋಡಿ ದೊಡ್ಡಮ್ಮನ ನಗು ಇಳಿಯಿತು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ತೋರುಬೆರಳನ್ನು ಕಣ್ಣೆದುರು ಹಿಡಿದು ಬೈದರು: "ಹೋದ ವಾರ ಈ ಹಾಳು ಬೆರಳು ಏನನ್ನೋ ಒತ್ತಿತ್ತು ಕಣೇ. ಅದ್ರಿಂದಾನೇ ಎಲ್ಲ ಅಳಿಸಿಹೋಗಿರ್ಬೇಕು. ನಿನಗೂ ಸುಮ್ನೆ ತೊಂದರೆ ಕೊಟ್ಟೆ. ಬೇಜಾರಾಯ್ತಾ?"

ಅವಳು ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲನೆ ಇಳಿಸಿದಳು. "ಪರವಾಗಿಲ್ಲ ಬಿಡಿ ದೊಡ್ಡಮ್ಮ," ಎಂದಳು. "ನೀವೇನು ಬೇಕಂತ ಮಾಡಿದ್ರಾ?"